ಚಕ್ರವರ್ತಿಗೊಂದು ಮೂಗು

ಆ ಚಕ್ರವರ್ತಿಯ ಹೆಸರನ್ನು ನಾನು ಹೇಳುವುದಿಲ್ಲ. ಮರೆತಿದ್ದೇನೆಂದಲ್ಲ; ಹೇಳಬಾರದೆಂದು ರೋಮಿನ ಆಜ್ಞೆಯಿದೆ. ಕಲ್ಲಿನ ಮೇಲಿದ್ದ ಹೆಸರನ್ನು ಉಳಿಯಿಂದ ಎಬ್ಬಿಸಿದರು, ಬರಹದಲ್ಲಿದ್ದುದಕ್ಕೆ ಮಸಿ ಬಳಿದರು, ನಾಲಿಗೆಯ ಮೇಲಿದ್ದುದನ್ನು ನಾವೇ ನುಂಗಿಕೊಂಡೆವು. ಆತನ ಹೆಸರಿಟ್ಟಿದ್ದ ಕೂಸುಗಳೂ ನಮ್ಮೂರು ಕೊರಾಯದಲ್ಲಿದ್ದವು. ಅವು ಈಗ ತಾತಂದಿರ ಹೆಸರಿಗೆ ಓಗೊಡುತ್ತಿವೆ. ಆದ್ದರಿಂದ ನಾನು ಬರಿದೆ ‘ಆತ’ ಎನ್ನುತ್ತೇನೆ, ನೀವು ಹೊಂದಿಸಿಕೊಳ್ಳಿ.

ನನ್ನದು ಊಟದಂಗಡಿ. ಹೆಸರು ಅಪ್ಫಿಯ, ಊರವರಿಗೆಲ್ಲ ಅಕ್ಕ. ಕಲ್ಲಿನ ಕಟ್ಟೆಯೊಳಗೆ ಕುತ್ತಿಗೆಯವರೆಗೆ ಹೂತ ಹರವಿಗಳಲ್ಲಿ ಬೇಳೆ, ಕಡಲೆ, ಉಪ್ಪುಮೀನು. ಹಿಂದುಗಡೆ ಬಿಸಿನೀರು, ದ್ರಾಕ್ಷಾರಸ. ಅಂಗಡಿಯ ಎಡಕ್ಕೆ ಪಾಪಿಯಾಸನ ಕುಲುಮೆ. ನಮ್ಮೂರಿನ ಕಂಚಿನ ನಾಣ್ಯಕ್ಕೆ ಅಚ್ಚು ಕೊರೆಯುವವನು ಅವನೇ. ಬೆಳ್ಳಿ ಮೇಲಿನಿಂದ ಬರುತ್ತದೆ, ಕಂಚನ್ನು ಮಾತ್ರ ನಾವೇ ಹೊಡೆದುಕೊಳ್ಳಬಹುದು. ಒಂದು ಬದಿಗೆ ಚಕ್ರವರ್ತಿಯ ತಲೆ, ಇನ್ನೊಂದು ಬದಿಗೆ ನಮ್ಮ ನದಿದೇವರು ಮೊಣಕೈಯೂರಿ ಒರಗಿಕೊಂಡಿರುವುದು. ಅಂಗಡಿಯ ಬಲಕ್ಕೆ ಊರಿನ ಕಕ್ಕಸು. ಹಾಗಾಗಿ ನಾನು ಕೂತಿರುವುದು ಚಕ್ರವರ್ತಿ ಹುಟ್ಟುವ ಜಾಗಕ್ಕೂ ಚಕ್ರವರ್ತಿ ಹೋಗಬಾರದ ಜಾಗಕ್ಕೂ ನಡುವೆ.

ಹೋಗಬಾರದು ಎಂದರೆ ನಿಜವಾಗಿಯೂ ಹೋಗಬಾರದು. ಪಕ್ಕದೂರು ಅರ್ಮೆಲದಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಸೊಂಟಕ್ಕೆ ನಾಣ್ಯದ ಚೀಲ ಕಟ್ಟಿಕೊಂಡೇ ಕಕ್ಕಸಿಗೆ ಹೋದನಂತೆ. ಆಗದವನೊಬ್ಬ ದೂರು ಕೊಟ್ಟ: ಚಕ್ರವರ್ತಿಯ ಮುಖವನ್ನು ಎಂಥ ಜಾಗಕ್ಕೆ ಒಯ್ದ ನೋಡಿ ಎಂದು. ಎಣ್ಣೆಯವನ ಬೆನ್ನಿನ ಚರ್ಮವೂ ಹೋಯಿತು, ಅಂಗಡಿಯೂ ಹೋಯಿತು. ಅಂದಿನಿಂದ ಕೊರಾಯದ ಗಂಡಸರು ನನ್ನ ಗೋಡೆಯ ಗೂಟಗಳಿಗೆ ಚೀಲ ನೇತುಹಾಕಿ, “ಅಕ್ಕಾ, ಚಕ್ರವರ್ತೀನ ಸ್ವಲ್ಪ ನೋಡ್ಕೋ,” ಎಂದು ಹೇಳಿಯೇ ಒಳಗೆ ಓಡುತ್ತಾರೆ. ಅಷ್ಟು ಅವಸರದಲ್ಲೂ ರಾಜಭಕ್ತಿ.

ಆತ ಪಟ್ಟಕ್ಕೆ ಬಂದ ಸುದ್ದಿ ತಂದ ಕುದುರೆಯ ಅಂಚೆಯವನು ಮೊದಲು ಇಳಿದದ್ದು ನನ್ನ ಅಂಗಡಿಗೇ. ಪಾಪಿಯಾಸ ಕೈಯಲ್ಲಿದ್ದ ಉಳಿಯನ್ನೂ ಕೆಳಗಿಡದೆ ಬಂದ.

“ಅಣ್ಣಾ, ಹೊಸಬ್ರು ನೋಡೋಕೆ ಹೇಗಿದಾರೆ?”

“ನೋಡಿದವನನ್ನೇ ನಾನು ನೋಡಿಲ್ಲ,” ಎಂದ ಅಂಚೆಯವನು ಬೇಳೆಯಲ್ಲಿ ರೊಟ್ಟಿ ಅದ್ದುತ್ತ. “ಸುದ್ದಿ ನಂಗೆ ಹಿಂದಿನ ಕುದುರೆಯವನು ಕೊಟ್ಟ. ಅವನಿಗೆ ಅದರ ಹಿಂದಿನವನು.”

“ಗಡ್ಡ ಇದೆಯಾ?”

“ಸೈನ್ಯದೋರು. ಇರಬಹುದು.”

“ವಯಸ್ಸು?”

“ಪಟ್ಟಕ್ಕೆ ಬರೋ ವಯಸ್ಸು. ಅಕ್ಕಾ, ಇನ್ನೊಂದು ಸೌಟು ಹಾಕು.”

ಅಷ್ಟರಲ್ಲಿ ಅಂತಿಪಾಸ್ ಧಣಿಗಳು ಬಂದರು. ಆ ವರ್ಷ ಊರಿನ ಹಿರೇತನ ಅವರದು. ನಾಣ್ಯಕ್ಕೆ ಬೇಕಾದ ಕಂಚನ್ನು ತಮ್ಮ ಕೈಯಿಂದಲೇ ಕೊಡಿಸುತ್ತಾರೆ. ಪ್ರತಿಯಾಗಿ ನದಿದೇವರ ಕಾಲಬುಡದಲ್ಲಿ ಅವರ ಹೆಸರು ಇರುತ್ತದೆ. ಒಳ್ಳೆಯ ಮನುಷ್ಯರೇ. ಬಿಳಿಯ ಉಡುಪು ಮಡಿಕೆ ಕೆಡಬಾರದೆಂದು ಕೂರುವುದಕ್ಕೂ ಹಿಂಜರಿಯುವವರು.

“ಪಾಪಿಯಾಸ, ಅರ್ಮೆಲದೋರು ಹೊಡೆಯೋ ಮೊದಲು ನಮ್ಮ ನಾಣ್ಯ ಪೇಟೆಲಿರಬೇಕು,” ಎಂದರು. “ಈ ಸಲ ಪ್ರಾಂತ್ಯಾಧಿಪತಿಗಳು ನ್ಯಾಯಸಭೆ ಕೂರಿಸೋದು ಅವರೂರಲ್ಲೋ ನಮ್ಮೂರಲ್ಲೋ ಇನ್ನೂ ತೀರ್ಮಾನ ಆಗಿಲ್ಲ. ಯಾರಿಗೆ ಭಕ್ತಿ ಜಾಸ್ತಿ ಅಂತ ನೋಡ್ತಾರೆ.”

“ಧಣಿ, ಮುಖ ಗೊತ್ತಿಲ್ವಲ್ಲ.”

“ಗೊತ್ತಿಲ್ದೆ ಏನು? ಚಕ್ರವರ್ತಿ ಮುಖ. ಮೇಲೆ ಎಲೆಕಿರೀಟ, ಹಿಂದೆ ದಾರದ ಗಂಟು. ಕಿರೀಟದ ಕೆಳಗೆ ಏನೋ ಒಂದು ಇರತ್ತಲ್ಲ, ಅದನ್ನ ಹಾಕು.”

“ಆಮೇಲೆ ನಿಜವಾದ ಮುಖ ಬೇರೆ ಇದ್ರೆ?”

ಅಂತಿಪಾಸರು ಅವನ ಬಲಗೈಯನ್ನೊಮ್ಮೆ ನೋಡಿದರು. ನಾಣ್ಯದ ಮೇಲಿನ ತಲೆಗೆ ಅಪಚಾರವಾದರೆ ಹೋಗುವುದು ಕೊರೆದವನ ಬಲಗೈ. ಅದು ಇಬ್ಬರಿಗೂ ಗೊತ್ತಿತ್ತು. “ಬೇರೆ ಇಲ್ದಿರೋ ಹಾಗೆ ಮಾಡು,” ಎಂದು ಹೇಳಿ ಹೊರಟುಹೋದರು.

ಪಾಪಿಯಾಸನ ಕೈಗೊಂದು ಸ್ವಭಾವವಿದೆ. ಎದುರಿಗೆ ಜೀವಂತ ತಲೆಯೊಂದು ಇಲ್ಲದಿದ್ದರೆ ಅವನು ಕೊರೆದ ಮುಖವೆಲ್ಲ ಕುರಿಯ ಮುಖವಾಗುತ್ತದೆ. ಎರಡು ದಿನ ಅಚ್ಚಿನ ಮೇಲೆ ಕುರಿಗಳನ್ನೇ ಕೊರೆದು ಅಳಿಸಿದ. ಮೂರನೆಯ ದಿನ ಅವನ ಮಾವ ಗ್ಲೈಕನ್ ವಾಡಿಕೆಯಂತೆ ಮಗಳನ್ನು ನೋಡುವ ನೆಪದಲ್ಲಿ ಊಟಕ್ಕೆ ಬಂದ.

ಗ್ಲೈಕನ್‌ನದು ಬಟ್ಟೆ ಒಗೆಯುವ ಕಸುಬು. ಬೀದಿಮೂಲೆಯಲ್ಲಿ ಗಡಿಗೆ ಇಡುತ್ತಾನೆ, ಹೋಗಿಬರುವವರು ಅದರಲ್ಲಿ ಉಚ್ಚೆ ಹೊಯ್ಯುತ್ತಾರೆ, ಅದು ಹಳಸಿದ ಮೇಲೆ ಅದರಲ್ಲೇ ತುಳಿದು ಧಣಿಗಳ ಉಡುಪನ್ನು ಬೆಳ್ಳಗೆ ಮಾಡುತ್ತಾನೆ. ಅವನು ಬರುವುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಆ ದಿನ ಬೈಯುತ್ತಲೇ ಬಂದ. ಪ್ರಾಂತ್ಯಾಧಿಪತಿ ಬರಬಹುದಾದ ಊರಲ್ಲಿ ನಾತ ಇರಬಾರದೆಂದು ಅಂತಿಪಾಸರು ಸಭಾಭವನದ ಮೂಲೆಯ ಗಡಿಗೆಗಳನ್ನು ಕೋಟೆಬಾಗಿಲಿನ ಆಚೆಗೆ ಎಸೆಯಿಸಿದ್ದರು.

“ಊರಾಚೆ ಯಾವನು ಬಂದು ಹೊಯ್ತಾನೆ? ಕತ್ತೆಗಳಾ?” ಎನ್ನುತ್ತ ಮಣೆಯೆಳೆದು ಕೂತ. “ಅವರದೇ ಉಚ್ಚೆ, ಅವರದೇ ಬಟ್ಟೆ. ನಡುವೆ ನಾನೊಬ್ಬ ನಾರ್ತೀನಂತೆ.”

ಬಾಗಿಲ ಬೆಳಕು ಅವನ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಹೇಸರಗತ್ತೆ ಒದ್ದು ನಡುವೆ ಮುರಿದ ಮೂಗು, ಒಳಗಿಳಿದ ಕೆನ್ನೆ, ಜಗಳಕ್ಕೆಂದೇ ಮುಂದೆ ಬಂದ ಗದ್ದ, ನಾಯಿ ಕಚ್ಚಿ ತುದಿ ಹರಿದ ಕಿವಿ. ಪಾಪಿಯಾಸ ಮೆಲ್ಲಗೆ ಉಳಿ ಕೈಗೆತ್ತಿಕೊಂಡ.

“ಮಾವ, ಹಾಗೇ ಇರಿ. ಬಾಯಿ ಮಾತ್ರ ಮುಚ್ಚಿ.”

“ಯಾಕೆ?”

“ಚಕ್ರವರ್ತಿಗಳು ಮಾತಾಡಲ್ಲ.”

ಪಾಪಿಯಾಸನ ಹೆಂಡತಿ, ತಾತಿಯ ಎಂದು ಅವಳ ಹೆಸರು, ತಟ್ಟೆ ಹಿಡಿದು ಬಂದವಳು ಅಚ್ಚನ್ನು ನೋಡಿದಳು, ಅಪ್ಪನನ್ನು ನೋಡಿದಳು. “ಎಲೆಕಿರೀಟ ಅಪ್ಪಂಗೆ ಒಪ್ಪತ್ತೆ ಬಿಡು,” ಎಂದಳು. “ನಿಂಗೆ ತಲೆ ಕೆಟ್ಟಿದೆ. ಯಾರಾದ್ರೂ ಗುರುತು ಹಿಡಿದ್ರೆ?”

“ನಿಮ್ಮಪ್ಪನ ಮುಖ ಯಾರು ನೋಡಿದಾರೆ? ಮೂಗು ಮುಚ್ಕೊಂಡು ಆ ಕಡೆ ತಿರುಗ್ತಾರೆ.”

“ಅದು ನಿಜ,” ಎಂದ ಗ್ಲೈಕನ್, ಸ್ವಲ್ಪ ಹೆಮ್ಮೆಯಿಂದಲೇ.

ನಾಣ್ಯ ಪೇಟೆಗೆ ಬಂತು. ಅರ್ಮೆಲದವರಿಗಿಂತ ಮೊದಲು ಬಂತು ಎನ್ನುವುದೇ ಊರಿಗೆಲ್ಲ ಹಬ್ಬ. ಮುಖವನ್ನು ಎಲ್ಲರೂ ಹೊಗಳಿದರು. ಆ ಮೂಗಿನಲ್ಲಿ ರಣರಂಗವಿದೆ ಎಂದರು. ಆ ಕಿವಿಯ ಗಾಯ ಗಡಿಯ ಯುದ್ಧದಲ್ಲಿ ಬಾಣ ತಾಗಿ ಆದದ್ದು ಎಂದು ಪಾಠಶಾಲೆಯ ಉಪಾಧ್ಯಾಯರು ಕಂಡುಹಿಡಿದರು. ಅದೇ ನಾಣ್ಯವನ್ನು ನೋಡಿಕೊಂಡು ಸಭಾಭವನಕ್ಕೆ ಅಮೃತಶಿಲೆಯ ತಲೆಯನ್ನೂ ಮಾಡಿಸಿದರು, ಹರಿದ ಕಿವಿ ಸಮೇತ. ಸಾಕ್ಷಿ ಹೇಳುವವರು ಅದರ ಮುಂದೆ ಪ್ರಮಾಣ ಮಾಡತೊಡಗಿದರು. ಸುಳ್ಳು ಹೇಳಲು ಬಾಯಿ ಬರುವುದಿಲ್ಲ, ನೋಟ ಹಾಗಿದೆ ಎನ್ನುತ್ತಿದ್ದರು. ತಾತಿಯ ಮಾತ್ರ ಆ ಕಡೆ ಹೋಗುತ್ತಿರಲಿಲ್ಲ. ಮನೆಯಲ್ಲಿ ನೋಡಿದ ಮುಖಕ್ಕೆ ಹೊರಗೂ ಹೆದರಬೇಕೆ ಎನ್ನುವಳು.

ಗ್ಲೈಕನ್‌ನ ಗುರುತು ಹಿಡಿದವರು ಒಬ್ಬರೂ ಇಲ್ಲ. ಅವನೇ ತಡೆಯಲಾರದೆ ಒಂದು ದಿನ ನನ್ನ ಅಂಗಡಿಯಲ್ಲಿ ನಾಣ್ಯವನ್ನು ಕೆನ್ನೆಯ ಪಕ್ಕಕ್ಕೆ ಹಿಡಿದು ಮೀನಿನವನಿಗೆ ಕೇಳಿದ: “ಯಾರ ಥರ ಕಾಣ್ತೀನಿ?”

ಮೀನಿನವನು ಕಣ್ಣು ಕಿರಿದು ಮಾಡಿದ. “ನಿಮ್ಮವ್ವನ ಥರ. ಪಾಪ, ಒಳ್ಳೇ ಹೆಂಗಸು.”

ಹೀಗಿರುವಾಗ ನೇರಳೆ ಬಟ್ಟೆ ಸುತ್ತಿದ ಹಲಗೆಯೊಂದನ್ನು ಹೊತ್ತು, ನಾಲ್ಕು ಸಿಪಾಯಿಗಳೊಡನೆ ಬಿತಸ್ ಎಂಬ ದಳಪತಿ ಬಂದ. ಹೊಸ ಚಕ್ರವರ್ತಿಯ ಬಣ್ಣದ ಚಿತ್ರ ಊರೂರಿಗೆ ಹೋಗುತ್ತದೆ. ಅದು ಬಂದರೆ ಸ್ವತಃ ಆತನೇ ಬಂದಂತೆ. ನಾವೆಲ್ಲ ದೀಪ ಹಿಡಿದು, ಧೂಪ ಹಾಕಿ, ಕೋಟೆಬಾಗಿಲಿಗೆ ಎದುರುಗೊಳ್ಳಲು ಹೋದೆವು. ಪಾಪಿಯಾಸ ದೀಪ ಹಚ್ಚುವುದನ್ನೇ ಮರೆತಿದ್ದ, ತಾತಿಯ ಅದನ್ನು ತಾನೇ ತೆಗೆದುಕೊಂಡಳು.

ಬಟ್ಟೆ ಸರಿಸಿದರು. ಹಲಗೆಯ ಮೇಲೆ ಒಬ್ಬ ದುಂಡುಮುಖದವನಿದ್ದ. ಕೆಂಪು ಕೆನ್ನೆ, ಗುಂಡಿಯಂಥ ಮೂಗು, ಎರಡು ಕಿವಿಯೂ ಸಂಪೂರ್ಣ. ಈಗತಾನೆ ಉಂಡೆದ್ದ ದ್ರಾಕ್ಷಿತೋಟದ ಯಜಮಾನನಂತೆ ನಮ್ಮನ್ನು ನೋಡುತ್ತಿದ್ದ.

ಮೊಣಕಾಲೂರಲು ಅರ್ಧ ಬಗ್ಗಿದ್ದ ಅಂತಿಪಾಸರು ಅರ್ಧಕ್ಕೇ ನಿಂತರು.

“ಇದು ಯಾರು?”

“ಯಾರು ಅಂದ್ರೆ?” ಬಿತಸ್ ಕೇಳಿದ. ಥ್ರೇಸಿನ ಕಡೆಯವನು, ಮಾತು ಒರಟು. “ನಿಮ್ಮ ಒಡೆಯರು.”

“ನಮ್ಮ ಒಡೆಯರ ಮುಖ ನಮಗೆ ಗೊತ್ತಿಲ್ವಾ?” ಅಂತಿಪಾಸರು ಚೀಲ ಬಿಚ್ಚಿ ನಾಣ್ಯ ತೆಗೆದು ತೋರಿಸಿದರು. ಹಿಂದೆ ನಿಂತಿದ್ದವರೂ ತಮ್ಮ ತಮ್ಮ ನಾಣ್ಯ ತೆಗೆದರು. ಊರಿಗೆ ಊರೇ ಅಂಗೈ ನೋಡಿತು, ಹಲಗೆ ನೋಡಿತು, ತಲೆ ಅಲ್ಲಾಡಿಸಿತು.

ಆಗಿನ ಕಾಲವೇ ಹಾಗಿತ್ತು. ಒಂದು ಗಡಿಯಲ್ಲಿ ಒಬ್ಬ ಪಟ್ಟ ಕಟ್ಟಿಕೊಂಡರೆ ಇನ್ನೊಂದು ಗಡಿಯಲ್ಲಿ ಮತ್ತೊಬ್ಬ ಕಟ್ಟಿಕೊಳ್ಳುತ್ತಿದ್ದ. ತಪ್ಪು ಚಿತ್ರದ ಮುಂದೆ ಬಾಗಿದ ಊರುಗಳ ಗತಿ ಏನಾಯಿತೆಂದು ಎಲ್ಲರೂ ಕೇಳಿದ್ದರು. ಅಂತಿಪಾಸರಿಗೆ ಎಲ್ಲವೂ ಬಿಸಿಲಿನಷ್ಟು ನಿಚ್ಚಳವಾಯಿತು.

“ಇವನು ಯಾವನೋ ದ್ರೋಹಿ,” ಎಂದರು. “ನಮ್ಮ ಭಕ್ತಿ ಪರೀಕ್ಷೆ ಮಾಡೋಕೆ ಬಂದಿದಾನೆ.”

“ಪತ್ರ ನೋಡಿ, ಮುದ್ರೆ ನೋಡಿ,” ಎಂದ ಬಿತಸ್.

“ಪತ್ರ ಯಾವನು ಬೇಕಾದ್ರೂ ಬರೀಬಹುದು. ಮುಖ ಸುಳ್ಳು ಹೇಳತ್ತಾ?”

ಬಿತಸನನ್ನೂ ಸಿಪಾಯಿಗಳನ್ನೂ ಕಣಜದ ಮನೆಗೆ ಕೂಡಿಹಾಕಿದರು. ಸಿಪಾಯಿಗಳು ಬಹಳ ದೂರ ನಡೆದು ದಣಿದಿದ್ದರೇನೋ, ಜಗಳವಾಡದೆ ಗೋಧಿಯ ಮೂಟೆಗಳ ಮೇಲೆ ಮಲಗಿಬಿಟ್ಟರು. ಕೊರಾಯ ದ್ರೋಹಿಯ ಚಿತ್ರವನ್ನು ತಿರಸ್ಕರಿಸಿದೆ ಎಂದು ಪ್ರಾಂತ್ಯಾಧಿಪತಿಗೆ ಆಗಲೇ ಸವಾರ ಹೊರಟ.

ಸವಾರ ತಲುಪಿದ ಮೇಲೆ ಏನಾಗುತ್ತದೆಂದು ಪಾಪಿಯಾಸನಿಗೆ ತಿಳಿದಿತ್ತು. ನೇರ ಅಂತಿಪಾಸರ ಹತ್ತಿರ ಹೋದ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋದ.

“ಧಣಿ, ಚಿತ್ರದ್ದೇ ನಿಜವಾದ ಮುಖ ಇರಬೇಕು. ನಾಣ್ಯದ್ದು ನಾನು—”

“ನಿಲ್ಸು.” ಅಂತಿಪಾಸರು ಕೈಯೆತ್ತಿದರು. “ಆ ನಾಣ್ಯದ ಇನ್ನೊಂದು ಬದಿಲಿ ಯಾರ ಹೆಸರಿದೆ?”

“ನಿಮ್ಮದು, ಧಣಿ.”

“ಹಾಗಾದ್ರೆ ನೀನು ಏನೂ ಹೇಳಲಿಲ್ಲ, ನಾನು ಏನೂ ಕೇಳಲಿಲ್ಲ. ಅಪ್ಫಿಯ, ನೀನು ಇಲ್ಲಿಗೆ ಬರಲೇ ಇಲ್ಲ.”

“ನಾನು ಅಂಗಡಿಲೇ ಇದೀನಿ, ಧಣಿ,” ಎಂದೆ.

ಆಮೇಲಿನ ದಿನಗಳಲ್ಲಿ ಪಾಪಿಯಾಸನ ಕುಲುಮೆಯಿಂದ ಹೊಸದೊಂದು ಸದ್ದು ಬರತೊಡಗಿತು. ಅವನ ಸುತ್ತಿಗೆಗೆ ಒಂದು ತಾಳವಿತ್ತು, ಅದು ತಪ್ಪಿತ್ತು. ಇಣುಕಿ ನೋಡಿದರೆ ಎಡಗೈಯಲ್ಲಿ ಉಳಿ ಹಿಡಿದು ತಗಡಿನ ಮೇಲೆ ಗೆರೆ ಎಳೆಯುತ್ತಿದ್ದ. ಗೆರೆ ಕುಡಿದವನ ದಾರಿಯಂತೆ ಹೋಗುತ್ತಿತ್ತು. ಬಾಗಿಲಲ್ಲಿ ತಾತಿಯ ನಿಂತಿದ್ದಳು. ಅವಳ ಹಿಂದೆ ಗ್ಲೈಕನ್. ಅವನು ಯಾರನ್ನೂ ಬೈಯುತ್ತಿರಲಿಲ್ಲ. ಅವನನ್ನು ನಾನು ಬಲ್ಲಷ್ಟು ಕಾಲದಲ್ಲಿ ಅದು ಮೊದಲ ಸಲ.

ಕಣಜಕ್ಕೆ ಊಟ ಒಯ್ಯುತ್ತಿದ್ದವಳು ನಾನು. ಬಿತಸ್ ಮರ್ಯಾದಸ್ಥ, ಉಂಡದ್ದಕ್ಕೆ ದುಡ್ಡು ಕೊಡುತ್ತಿದ್ದ. ಅಂದು ಬೆಳ್ಳಿ ಕೊಟ್ಟ, ನಾನು ಚಿಲ್ಲರೆಯಾಗಿ ನಮ್ಮ ಕಂಚು ಕೊಟ್ಟೆ. ಅವನು ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದ.

“ಇದ್ಯಾರಮ್ಮ?”

“ಚಕ್ರವರ್ತಿ.”

“ನಾನು ಆತನ ಕೈಕೆಳಗೆ ಹನ್ನೆರಡು ವರ್ಷ ಇದ್ದವನು. ಆತನ ಬೆನ್ನುಜ್ಜಿದವನು. ಇಂಥ ಮೂಗು ಆತನ ಮೈಮೇಲೆ ಎಲ್ಲೂ ಇಲ್ಲ.”

ಅಷ್ಟರಲ್ಲಿ ಬಾಗಿಲು ಸರಿಸಿಕೊಂಡು ಗ್ಲೈಕನ್ ಒಳಗೆ ಬಂದ. ಕೈಯಲ್ಲಿ ಬಿತಸನ ಮೇಲುಹೊದಿಕೆ, ಒಗೆದದ್ದು. ಯಾರೂ ಒಗೆಯಲು ಹೇಳಿರಲಿಲ್ಲ. ಬಿತಸ್ ಮೊದಲು ಮೂಗು ಮುಚ್ಚಿದ, ಆಮೇಲೆ ಕೈ ಇಳಿಸಿದ. ನಾಣ್ಯ ನೋಡಿದ, ಮುದುಕನನ್ನು ನೋಡಿದ. ಎದ್ದು ಬಂದು ಮುದುಕನ ಗದ್ದ ಹಿಡಿದು ಪಕ್ಕಕ್ಕೆ ತಿರುಗಿಸಿ ಕಿವಿಯ ತುದಿಯನ್ನು ಮುಟ್ಟಿದ. ಕೊರಾಯದಲ್ಲಿ ಅಷ್ಟು ವರ್ಷ ಬದುಕಿದ ಗ್ಲೈಕನ್‌ನ ಮುಖವನ್ನು ಸರಿಯಾಗಿ ನೋಡಿದ ಮೊದಲನೆಯ ಪರಕೀಯ ಅವನೇ.

ನಗಲು ಶುರುಮಾಡಿದವನು ಮೂಟೆಗೊರಗಿ ಕೂತುಬಿಟ್ಟ. ನಗು ಇಳಿದ ಮೇಲೆ ಹೇಳಿದ: “ಇಲ್ಲಿಂದ ಹೊರಗೆ ಬಂದ ದಿನ ಮೊದಲು ಕೊರೆದವನ ಕೈ. ಆಮೇಲೆ ಮಿಕ್ಕಿದ್ದು.”

“ಅದಕ್ಕೇ ಬಂದೆ,” ಎಂದ ಗ್ಲೈಕನ್. “ಕೈದೇನೂ ತಪ್ಪಿಲ್ಲ. ಅದು ಕಂಡದ್ದನ್ನ ಕೊರೀತು. ತಪ್ಪು ಎದುರಿಗೆ ಕೂತಿದ್ದ ಮುಖದ್ದು. ಬೇಕಾದ್ರೆ ಇದನ್ನ ತಗೋಳ್ಳಿ.” ತನ್ನ ಗದ್ದವನ್ನೇ ತೋರಿಸಿದ. “ಇದರಿಂದ ಯಾರಿಗೂ ಉಪಯೋಗ ಇಲ್ಲ. ಅವನ ಕೈಯಿಂದ ನನ್ನ ಮಗಳು ಊಟ ಮಾಡ್ತಾಳೆ.”

“ನೀನು ಅವನಿಗೇನಾಗಬೇಕು?”

“ಮಾವ. ಮೊದಲಿಂದ ನಂಗವನು ಇಷ್ಟ ಇಲ್ಲ.”

ಬಿತಸ್ ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು ಮಡಿಕೆ ಬಿಡಿಸಿ ನೋಡಿದ. “ನಿಯಮ ನಿಯಮವೇ, ತಾತ,” ಎಂದ ಕೊನೆಗೆ. “ಬಟ್ಟೆ ಮಾತ್ರ ಚೆನ್ನಾಗಿ ಬಂದಿದೆ.”

ಪ್ರಾಂತ್ಯಾಧಿಪತಿಯ ಉತ್ತರ ಹೊತ್ತು ಬಂದದ್ದು ಆ ಹಳೆಯ ಅಂಚೆಯವನೇ. ಸಾರುವವನು ಪೇಟೆಯ ಕಲ್ಲಿನ ಮೇಲೆ ಹತ್ತಿದ. ಪಾಪಿಯಾಸ ಬಲಗೈಯನ್ನು ಮೇಲುಡುಪಿನೊಳಗೆ ಇಟ್ಟುಕೊಂಡು ನಿಂತಿದ್ದ. ಒಳಗೇ ಇದ್ದರೆ ಉಳಿಯುತ್ತದೆ ಎನ್ನುವ ಹಾಗೆ. ಅಂತಿಪಾಸರು ಗೋಡೆಗೆ ಒರಗಿದ್ದರು, ಮಡಿಕೆ ಕೆಡುವುದನ್ನೂ ಲೆಕ್ಕಿಸದೆ.

ಸಾರಿದ್ದು ಇಷ್ಟು: ಆತನನ್ನು ಆತನ ಸಿಪಾಯಿಗಳೇ ಗುಡಾರದಲ್ಲಿ ಕೊಂದಿದ್ದಾರೆ. ರೋಮಿನ ಹಿರಿಯರ ಸಭೆ ಆತನನ್ನು ಲೋಕಶತ್ರು ಎಂದು ಸಾರಿದೆ. ಇಡೀ ಪ್ರಾಂತ್ಯದಲ್ಲಿ ಆ ದುಷ್ಟನ ಚಿತ್ರವನ್ನು ಧೈರ್ಯದಿಂದ ತಿರಸ್ಕರಿಸಿದ ಊರು ಕೊರಾಯ ಒಂದೇ. ಆದ್ದರಿಂದ ಈ ವರ್ಷದ ನ್ಯಾಯಸಭೆ ಕೊರಾಯದಲ್ಲಿ. ಚಿತ್ರಕ್ಕೆ ಬಾಗಿದ ಅರ್ಮೆಲಕ್ಕೆ ದಂಡ.

ಅಂತಿಪಾಸರು ಗೋಡೆಯಿಂದ ಬೆನ್ನು ತೆಗೆದರು, ಮಡಿಕೆ ಸರಿಮಾಡಿಕೊಂಡರು.

“ಆ ಮುಖ ನೋಡಿದ ತಕ್ಷಣ ನಂಗೆ ಗೊತ್ತಾಗಿತ್ತು,” ಎಂದರು.

ಪಾಪಿಯಾಸ ಬಲಗೈಯನ್ನು ಹೊರತೆಗೆದು ಬೆರಳು ಮಡಚಿ ಬಿಡಿಸಿ ನೋಡಿಕೊಂಡ. ಆದರೆ ಸಾರುವುದು ಮುಗಿದಿರಲಿಲ್ಲ. ಆತನ ಮುಖ, ಹೆಸರು ಕಲ್ಲಿನಲ್ಲಿ ಕಂಚಿನಲ್ಲಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹಾಳುಮಾಡತಕ್ಕದ್ದು.

“ಧಣಿ,” ಎಂದ ಪಾಪಿಯಾಸ ಮೆಲ್ಲಗೆ, “ನಾಣ್ಯದ ಮೇಲಿರೋದು ಆತನ ಮುಖ ಅಲ್ವಲ್ಲ.”

“ಅದನ್ನ ಪ್ರಾಂತ್ಯಾಧಿಪತಿಗಳಿಗೆ ನೀನೇ ಹೇಳ್ತೀಯಾ? ಹೊಡಿ.”

ಅಂದಿನಿಂದ ಕುಲುಮೆಯ ಮುಂದೆ ಸಾಲು. ಊರಿನವರೆಲ್ಲ ನಾಣ್ಯ ತಂದರು. ಕೆಲವರು ಮನೆಯಲ್ಲೇ ಮೊಳೆಯಿಂದ ಗೀಚಿಕೊಂಡು, ಇದು ಸಾಕಾ ಎಂದು ತೋರಿಸಲು ಬಂದರು. ರಣರಂಗ ಕಂಡ ಮೂಗಿನಲ್ಲಿ ಈಗ ಎಲ್ಲರಿಗೂ ಕ್ರೌರ್ಯ ಕಂಡಿತು. ಕಿವಿಯ ಗಾಯ ಜೂಜಿನ ಜಗಳದಲ್ಲಿ ಆದದ್ದು ಎಂದು ಅದೇ ಉಪಾಧ್ಯಾಯರು ತಿದ್ದಿ ಹೇಳಿದರು. ಅಮೃತಶಿಲೆಯ ತಲೆಯನ್ನು ಹಗ್ಗ ಹಾಕಿ ಎಳೆದು ಹೊಳೆಗೆ ದೂಡಿದರು. ಗ್ಲೈಕನ್ ಅಳಿಯನ ಎದುರಿಗೆ ಮಣೆ ಹಾಕಿಕೊಂಡು ಕೂತು ತನ್ನ ಮುಖದ ಮೇಲೆ ಬೀಳುವ ಏಟುಗಳನ್ನು ನೋಡುತ್ತಿದ್ದ.

“ಅಳಿಯಾ, ಮೂಗಿಗೆ ಅಷ್ಟು ಜೋರಾಗಿ ಬೇಕಾ?”

“ಆಜ್ಞೆ, ಮಾವ.”

“ಆಜ್ಞೆ ಸರಿ. ನಗು ಯಾಕೆ?”

“ನಗ್ತಾ ಇಲ್ಲ. ಕೈ ಇದೆಯಲ್ಲ ಅಂತ ಖುಷಿ.”

ಬಿತಸನನ್ನೂ ಸಿಪಾಯಿಗಳನ್ನೂ ಬಿಟ್ಟರು. ಅವನು ಯಾರ ಕೈಯನ್ನೂ ಕೇಳಲಿಲ್ಲ. ಹಲಗೆ ತಬ್ಬಿಕೊಂಡು ನನ್ನ ಅಂಗಡಿಯಲ್ಲಿ ಕೂತ. ಲೋಕಶತ್ರುವಿನ ಚಿತ್ರ ಕಂಕುಳಲ್ಲಿಟ್ಟುಕೊಂಡು ಮುಂದಿನ ಊರಿಗೆ ಹೋಗುವ ಹಾಗಿಲ್ಲ, ಬರಿಗೈಯಲ್ಲಿ ಹಿಂದಿರುಗುವ ಹಾಗಿಲ್ಲ. ಎದುರು ಮೂಲೆಯಲ್ಲಿ ಅಂಚೆಯವನು ಕಡಲೆ ತಿನ್ನುತ್ತಿದ್ದ.

“ಹೊಸಬ್ರು ಹೇಗಿದಾರೆ?” ಬಿತಸ್ ಕೇಳಿದ.

“ಈ ಅಂಗಡಿಗೆ ಬಂದ್ರೆ ಇದೊಂದೇ ಪ್ರಶ್ನೆ,” ಎಂದ ಅಂಚೆಯವನು. “ನಂಗೊತ್ತಿಲ್ಲ. ಸೈನ್ಯದೋರಂತೆ.”

ಬಿತಸ್ ಗ್ಲೈಕನ್‌ನನ್ನು ಕರೆದ. “ತಾತ, ಬಣ್ಣ ಹೋಗತ್ತಾ?”

ಗ್ಲೈಕನ್ ಹಲಗೆಯನ್ನು ಉಗುರಿನಿಂದ ಕೆರೆದು, ಮೂಸಿ ನೋಡಿದ. “ಮೇಣದ ಬಣ್ಣ. ಬಿಸಿ ಬೂದಿನೀರು, ಆಮೇಲೆ ನಮ್ಮ ಗಡಿಗೇದು. ಹೋಗತ್ತೆ.”

ನನ್ನ ಅಂಗಡಿಯ ಹಿತ್ತಿಲಲ್ಲೇ ಉಜ್ಜಿದ. ಎಡಗಡೆ ಕುಲುಮೆಯಲ್ಲಿ ಅಳಿಯ ಮಾವನ ಮುಖವನ್ನು ಅಳಿಸುತ್ತಿದ್ದ. ಹಿತ್ತಿಲಲ್ಲಿ ಮಾವ, ಲೋಕವನ್ನು ಆಳಿದವನ ಕೆಂಪು ಕೆನ್ನೆಗೆ ಕೊರಾಯದ ಹಳಸಿದ ಉಚ್ಚೆ ಸುರಿದು ತೊಳೆಯುತ್ತಿದ್ದ. ನೇಮದಂತೆ ಸೊಂಟದ ಚೀಲವನ್ನು ಮೊದಲೇ ಗೂಟಕ್ಕೆ ಹಾಕಿದ್ದ. ಚಕ್ರವರ್ತಿಗೆ ಅಪಚಾರವಾಗಬಾರದಲ್ಲ.

ಹಲಗೆ ಮಗುವಿನ ಅಂಗೈಯಷ್ಟು ಶುಭ್ರವಾಯಿತು. ಈಗ ಅದಕ್ಕೊಂದು ಮುಖ ಬೇಕು. ಅಂತಿಪಾಸರಿಗೂ ಬೇಕು; ಅರ್ಮೆಲದವರು ದಂಡ ಕಟ್ಟಿದ ಸಿಟ್ಟಿನಲ್ಲಿ ಈ ಸಲ ಮೊದಲು ನಾಣ್ಯ ಹೊಡೆಯುತ್ತಾರೆಂದು ಸುದ್ದಿ ಬಂದಿತ್ತು. ಇಬ್ಬರೂ ಒಟ್ಟಿಗೇ ಕುಲುಮೆಗೆ ಬಂದರು.

“ಧಣಿ, ಎದುರಿಗೊಂದು ತಲೆ ಬೇಕು,” ಎಂದ ಪಾಪಿಯಾಸ.

ಎಲ್ಲರೂ ಮಣೆಯ ಕಡೆ ತಿರುಗಿದರು. ಗ್ಲೈಕನ್ ಎದ್ದು ನಿಂತ.

“ನಂಗೆ ಬೇಡಪ್ಪ. ಒಂದ್ಸಲ ಚಕ್ರವರ್ತಿ ಆಗಿ ಸಾಕಾಯ್ತು. ಊರಿಗೆ ಊರೇ ಮುಖಕ್ಕೆ ಮೊಳೆ ಹೊಡೀತು. ಈ ಧಣಿ ತಲೆ ಕೂರಿಸಿ. ಎಷ್ಟು ಬೆಳ್ಳಗಿದೆ.”

“ಛೆ, ನನ್ನ ಮುಖ ಎಲ್ರಿಗೂ ಗೊತ್ತು,” ಎಂದರು ಅಂತಿಪಾಸರು ಗಾಬರಿಯಿಂದ.

“ಹೋಗ್ಲಿ, ದಳಪತೀದು.”

“ನಂಗೆ ಬದುಕೋ ಆಸೆ ಇದೆ, ತಾತ.”

“ಕೈ ಕೇಳ್ತಿದ್ದವರು ಈಗ ಮುಖ ಕೇಳ್ತಾ ಇದೀರಿ.”

“ಕೈ ಮಾತು ಬಿಟ್ಬಿಟ್ಟೆ,” ಎಂದ ಬಿತಸ್. “ಆ ಕೈಯಿಂದ ಈಗ ನನ್ನ ತಲೆ ಉಳೀಬೇಕು.”

ತಾತಿಯ ಬಗ್ಗಿ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಗ್ಲೈಕನ್ ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ಕೂರ್ತೀನಿ. ನನ್ನ ಗಡಿಗೆ ಮೊದಲಿದ್ದ ಜಾಗಕ್ಕೇ ಬರಬೇಕು. ಸಭಾಭವನದ ಮೂಲೆಗೆ.”

“ನ್ಯಾಯಸಭೆ ಕೂರೋ ಜಾಗ ಅದು,” ಎಂದರು ಅಂತಿಪಾಸರು. “ಪ್ರಾಂತ್ಯಾಧಿಪತಿಗಳಿಗೆ ನಾತ ಬಡಿಯತ್ತೆ.”

“ಪ್ರಾಂತ್ಯಾಧಿಪತಿಗಳಿಗೆ ಉಚ್ಚೆ ಬರಲ್ವಾ?”

ಪಾಪಿಯಾಸ ಉಳಿಯ ತುದಿಯನ್ನು ಉಜ್ಜುತ್ತ ಕೂತ. ಬಿತಸ್ ಬರಿ ಹಲಗೆಯನ್ನು ಅಂತಿಪಾಸರ ಮುಂದೆ ಹಿಡಿದು ನಿಂತ. ಅಂತಿಪಾಸರು ಅದನ್ನು ನೋಡಿದರು, ಅರ್ಮೆಲದ ದಿಕ್ಕಿಗೆ ನೋಡಿದರು, ತಮ್ಮ ಉಡುಪಿನ ಬಿಳುಪನ್ನು ನೋಡಿಕೊಂಡರು.

“ಒಂದು ಗಡಿಗೆ,” ಎಂದರು.

“ಮೂರಿದ್ವು.”

“ಆಯ್ತು, ಮೂರು. ಈ ಸಲ ಗಡ್ಡ ಹಾಕು, ಪಾಪಿಯಾಸ. ಕಿವಿ ಮೇಲೆ ಕೂದಲು ಬರಲಿ.”

ಹಾಗೆ ಎರಡನೆಯ ಸಲ ಪಟ್ಟವಾಯಿತು. ಅಂಗಡಿಗಳ ಗೋಡೆಗೆ ಬಣ್ಣ ಬರೆಯುವವನು ಆ ನಾಣ್ಯ ನೋಡಿಕೊಂಡು ಹಲಗೆಯ ಮೇಲೂ ಬರೆದ. ಬಿತಸ್ ಗ್ಲೈಕನ್‌ನನ್ನು ನೇರಳೆ ಬಟ್ಟೆಯಲ್ಲಿ ಸುತ್ತಿಕೊಂಡು ಮೂಡಣ ದಾರಿ ಹಿಡಿದ. ನಾವು ದೀಪ, ಧೂಪ ಹಿಡಿದು ಕೋಟೆಬಾಗಿಲ ತನಕ ಹೋಗಿ ಬೀಳ್ಕೊಟ್ಟೆವು. ಅಂತಿಪಾಸರು ಮೊಣಕಾಲೂರಿದರು, ಈ ಸಲ ಪೂರ್ತಿ. ದಾರಿಯ ಊರುಗಳೆಲ್ಲ ಆ ಚಿತ್ರದ ಮುಂದೆ ಬಾಗಿದವೆಂದೂ ಹೊಸ ಚಕ್ರವರ್ತಿಯ ಮೂಗಿನಲ್ಲಿ ಎಂಥ ತೇಜಸ್ಸು ಎಂದು ಕೊಂಡಾಡಿದವೆಂದೂ ಆಮೇಲೆ ಕೇಳಿದೆವು. ಆ ಹೊಸಬನ ನಿಜವಾದ ಮುಖ ಹೇಗಿದೆಯೋ ಗೊತ್ತಿಲ್ಲ. ಇನ್ನು ಅದು ಬಂದರೂ ಈ ಕಡೆಯವರು ನಂಬುವುದು ಕಷ್ಟ.

ಪಾಪಿಯಾಸನ ಬಲಗೈ ಚೆನ್ನಾಗಿದೆ. ಆದರೂ ದಿನಾ ಬೆಳಿಗ್ಗೆ ಒಂದಷ್ಟು ಹೊತ್ತು ಎಡಗೈಯಲ್ಲಿ ಗೆರೆ ಎಳೆಯುತ್ತಾನೆ. ಗೆರೆ ಈಗೀಗ ನೆಟ್ಟಗೆ ಬರುತ್ತಿದೆ.

ನ್ಯಾಯಸಭೆ ಕೂತ ಮೊದಲ ದಿನ ವಾದ ಉದ್ದಕ್ಕೆ ಎಳೆಯಿತು. ಅಂತಿಪಾಸರು ತಡೆಯಲಾರದೆ ಎದ್ದು, ಎರಡು ಕೈಯಲ್ಲೂ ಉಡುಪು ಎತ್ತಿ ಹಿಡಿದುಕೊಂಡು ಮೂಲೆಯ ಗಡಿಗೆಯ ಹತ್ತಿರ ಧಾವಿಸಿದರು. ಗ್ಲೈಕನ್ ಅಡ್ಡ ನಿಂತು ಕೈ ಚಾಚಿದ.

“ಚೀಲ, ಧಣಿ.”

ಅಂತಿಪಾಸರು ಕಾಲು ಬದಲಿಸುತ್ತ ಸೊಂಟದ ಗಂಟು ಬಿಚ್ಚಿದರು. ಗ್ಲೈಕನ್ ಚೀಲ ಇಸಿದುಕೊಂಡ, ಒಳಗೆ ಕೈಹಾಕಿ ಒಂದು ನಾಣ್ಯ ತೆಗೆದು ಗಡ್ಡ ಸರಿಯಾಗಿ ಬಂದಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿದ.

“ಈಗ ಹೋಗಿ,” ಎಂದ. “ನಾನು ನನ್ನನ್ನ ನೋಡ್ಕೋತೀನಿ.”